ಹೊಸದಾಗಿ ಫೋಟೋ ಕೆಲಸ ಸುರು ಮಾಡೇನಿ, ಮದುವಿಗೆ ರೇಟ್ ಹೆಂಗ ಹೇಳ್ಬೇಕ್ರಿ?

ಬೆಟಗೇರಿ_ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ನಾ ಗದಗ-ಬೆಟಗೇರಿಯಾಂವ. ಮೂರ ವರ್ಷ ಒಂದ ಸ್ಟುಡಿಯೋದಾಗ ಪಗಾರಕ್ಕ ಇದ್ದೆ, ಲೈಟ್ ಹಿಡಿಯೂದು, ಆಲ್ಬಮ್ ಡಿಸೈನ್, ಆಮ್ಯಾಲ ಎರಡನೇ ಕ್ಯಾಮೆರಾ, ಎಲ್ಲಾ ಮಾಡೇನಿ. ದೀಪಾವಳಿ ಆದಮ್ಯಾಲ ಅದನ್ನ ಬಿಟ್ಟು ಸ್ವಂತ ಸುರು ಮಾಡೇನಿ. ಸೆಕೆಂಡ್ ಹ್ಯಾಂಡ್ ಸೋನಿ ಎ7 ತ್ರೀ ಕ್ಯಾಮೆರಾ ತಗೊಂಡೇನಿ, ಒಂದ 28-75 ಲೆನ್ಸ್, ಒಂದ 85 ಲೆನ್ಸ್, ಎರಡ ಫ್ಲಾಶ್, ಎಡಿಟಿಂಗಿಗೆ ಒಂದ ಲ್ಯಾಪ್‌ಟಾಪ್, ಎಲ್ಲಾ ಸೇರಿ 2,40,000 ಆತು, ಅದರಾಗ ಅರ್ಧಾ ನಮ್ಮ ಅಪ್ಪಾಜಿ ಸೊಸೈಟಿ ಸಾಲ ತಗದ ಕೊಟ್ಟಿದ್ದು.

ಕೆಲಸದ ಬಗ್ಗೆ ಹೆದರಿಕಿ ಇಲ್ರಿ, ರೇಟ್ ಹೇಳೂದಕ್ಕ ಹೆದರಿಕಿ. ಹ್ವಾದ ವಾರ ನಮ್ಮ ಚಿಗವ್ವನ ಪರಿಚಯದವ್ರು ಹಾವೇರಿಯಿಂದ ಫೋನ್ ಮಾಡಿದ್ರು, ಎರಡ ದಿನದ ಮದುವಿ, ಮೊದಲನೇ ದಿನ ಸುರಗಿ (ಅರಿಷಿಣ ಹಚ್ಚಿ ನೀರ ಹಾಕೂ ಶಾಸ್ತ್ರ), ಎರಡನೇ ದಿನ ಅಕ್ಕಿಕಾಳು (ಮುಹೂರ್ತದ ಅಕ್ಷತಾ), 'ಎಷ್ಟ ತಗೋತೀಪಾ' ಅಂದ್ರು, ನಾ ಗಡಬಡಿಸಿ ಆಲ್ಬಮ್ ಸಹಿತ 15 ಸಾವಿರ ಅಂದಬಿಟ್ಟೆ. ರಾತ್ರಿ ಕುಂತ ಲೆಕ್ಕಾ ಹಾಕೀನಿ. ಆಲ್ಬಮ್ 30 ಶೀಟಿಗೆ 180ರಂಗ 5,400, ಪ್ಯಾಡ್ ಕವರ್ ಮತ್ತ ಬಾಕ್ಸ್ 2,100. ಲೈಟ್ ಹಿಡಿಯೂ ಹುಡುಗಗ ಎರಡ ದಿನಕ್ಕ 3,000. ಎರಡನೇ ಕ್ಯಾಮೆರಾ ಬಾಡಿಗಿ 1,600. ಲಕ್ಷ್ಮೇಶ್ವರ, ಸವಣೂರ ಹಾದು ಹಾವೇರಿಗೆ ಹೋಗಿ ಬರೂ ಪೆಟ್ರೋಲ್, ಚಾ, ಊಟ ಹಿಡದು 1,400. ಪೆನ್‌ಡ್ರೈವ್ 450. ಒಟ್ಟ 13,950. ನನಗ ಉಳಿಯೂದು 1,050 ರೂಪಾಯಿ.

ನೀವೆಲ್ಲಾ ರೇಟ್ ಹೆಂಗ ಫಿಕ್ಸ್ ಮಾಡ್ತೀರಿ ದಯವಿಟ್ಟು ಹೇಳ್ರಿ.

ಸವಣೂರ_ರೋಡ್

ಇಸಾರ (ಮುಂಗಡ ರೊಕ್ಕ) ತಗೊಂಡೀಯೇನು ಮೊದಲ ಹೇಳು.

ಬೆಟಗೇರಿ_ಹುಡುಗ

ಇಲ್ರಿ ಅಣ್ಣಾ. 'ಮನ್ಯಾಗ ಹಿರಿಯಾರನ್ನ ಕೇಳಿ ಹೇಳ್ತೇವಿ' ಅಂದಾರ.

ಹುಬ್ಬಳ್ಳಿ_ಶಟರ್

ಹಂಗಿದ್ರ ಇನ್ನೂ ಹೊತ್ತ ಮೀರಿಲ್ಲ ತಮ್ಮಾ. ಉದ್ದ ಬರೀತೇನಿ, ಪೂರಾ ಓದು, ನಾ 14 ವರ್ಷದಿಂದ ಇದ ಕೆಲಸದ ಮ್ಯಾಲ ಮನಿ ನಡಸಾಕತ್ತೇನಿ.

ನೀ 15 ಸಾವಿರ ಅಂದಿದ್ದು ಎಲ್ಲಿಂದ ಬಂತು? ನಿಮ್ಮ ಹಳೇ ಸ್ಟುಡಿಯೋದ ರೇಟನ್ನ ಅರ್ಧಾ ಮಾಡಿ ಹೇಳಿರಬೇಕು. ಹೊಸಬ್ರೆಲ್ಲಾ ಹಂಗ ಮಾಡ್ತಾರ, ನಾನೂ ಮಾಡೇನಿ. ಆದ್ರ ಅವರ ಲೆಕ್ಕ ಬ್ಯಾರೆ. ಅವರ ಅಂಗಡಿ ಸ್ವಂತದ್ದಿರಬಹುದು, ತಿಂಗಳಿಗೆ ಇಪ್ಪತ್ತ ಆಲ್ಬಮ್ ಹೊಡಸ್ತಾರಂತ ಲ್ಯಾಬಿನವ್ರು ಶೀಟಿಗೆ ಕಡಿಮಿ ಹಾಕ್ತಿರಬಹುದು. ಅವರ ರೇಟಿನಾಗ ಅರ್ಧಾ ಹೇಳಿದ್ರ ನಿನ್ನ ಖರ್ಚೇನ ಅರ್ಧಾ ಆಗೂದಿಲ್ಲ.

ಇನ್ನ ಎರಡ ದಿನದ ಮದುವಿ ಅಂತ ಬರದೀ. ಎರಡ ದಿನ ಅಲ್ಲೋ ಅದು. ಹಿಂದಿನ ದಿನ ಬ್ಯಾಟರಿ ಚಾರ್ಜ್, ಕಾರ್ಡ್ ಫಾರ್ಮ್ಯಾಟ್, ಲೆನ್ಸ್ ಒರಸೂದು, ಬಾಡಿಗಿ ಕ್ಯಾಮೆರಾ ತರೂದು, ಒಂದ ದಿನ. ಮದುವಿ ಎರಡ ದಿನ. ಬಂದಮ್ಯಾಲ ಕಾಪಿ ಮತ್ತ ಬ್ಯಾಕಪ್ ಒಂದ ದಿನ. 5,000 ಕ್ಲಿಕ್ಕಿನಾಗ 700 ಆರಿಸಿ ತಗಿಯಾಕ ಎರಡ ದಿನ. ಕಲರ್ ಮಾಡಾಕ ನಾಕ ದಿನ. ಆಲ್ಬಮ್ ಡಿಸೈನ್ ಎರಡ ದಿನ. 'ಈ ಫೋಟೋ ತಗದು ನಮ್ಮ ದೊಡ್ಡಪ್ಪಂದು ದೊಡ್ಡದ ಹಾಕ್ರಿ' ಅಂತಾರಲ್ಲ, ಅದಕ್ಕ ಒಂದ ದಿನ. ಹಾವೇರಿಗೆ ಒಯ್ದ ಕೊಡಾಕ ಒಂದ ದಿನ. ಕೂಡಸಿದ್ರ 14 ದಿನ. ನಿನ್ನ 1,050ನ್ನ 14ರಿಂದ ಭಾಗಾಕಾರ ಮಾಡು. ದಿನಕ್ಕ 75 ರೂಪಾಯಿ.

ಇದನ್ನ ಓದಿ ಎದಿಗುಂದಬ್ಯಾಡ, ಈಗ ತಿರುವಿ ಲೆಕ್ಕಾ ಹಾಕೂಣು. ಮನಿಗೆ ತಿಂಗಳಿಗೆ 20 ಸಾವಿರ ಬೇಕಂತ ಇಟಗೊ, ವರ್ಷಕ್ಕ 2,40,000. ಸಾಮಾನ 2,40,000ದ್ದು ನಾಕ ವರ್ಷ ಬಾಳಿಕಿ ಬಂದ್ರ ವರ್ಷಕ್ಕ 60 ಸಾವಿರ ಅದರ ಸವಕಳಿ. ನೆಟ್, ಕರೆಂಟ್, ಹಾರ್ಡ್ ಡಿಸ್ಕ್, ಸರ್ವಿಸ್, ಓಡಾಟ ತಿಂಗಳಿಗೆ 5 ಸಾವಿರ, ವರ್ಷಕ್ಕ ಇನ್ನೊಂದ 60 ಸಾವಿರ. ಒಟ್ಟ 3,60,000. ಇದನ್ನ ಎಷ್ಟ ದಿನದ ಮ್ಯಾಲ ಹಂಚಬೇಕು? 365 ಅಂತೂ ಅಲ್ಲ. ಒಂದ ಮದುವಿಗೆ 14 ದಿನ ಹಿಡದ್ರ 20 ಮದುವಿಗೆ 280 ದಿನ ಹೋತು, ವರ್ಷ ಅಲ್ಲಿಗೇ ತುಂಬಿತು. 20 ಮದುವಿ ಅಂದ್ರ ಶೂಟಿನ ದಿನ 40. 3,60,000 ಭಾಗ 40, ಒಂದ ಶೂಟಿನ ದಿನಕ್ಕ 9,000. ಎರಡ ದಿನಕ್ಕ 18,000, ಅದರ ಮ್ಯಾಲ ನಿನ್ನ ಕೈಲೆ ಹೋಗೂ ಖರ್ಚ 13,950. ಹೆಚ್ಚು ಕಡಿಮಿ 32,000. ಇದು ಲಾಭ ಅಲ್ಲ ಮತ್ತ, ಬರೇ ಸರಿಹೊಂದೂ ರೇಟು.

ಕ್ಯಾಮೆರಾ ಸವಕಳಿ ಅಂದ್ರ ನಗ್ತಾರ ಮಂದಿ. ನಿನ್ನ ಎ7 ತ್ರೀ ಶಟರ್, ಅಂದ್ರ ಪ್ರತಿ ಕ್ಲಿಕ್ಕಿಗೆ ತಗದು ಮುಚ್ಚೂ ಪರದಾ, ಕಂಪನಿ ಲೆಕ್ಕದಾಗ 2 ಲಕ್ಷ ಕ್ಲಿಕ್ಕಿಂದು. ಸೆಕೆಂಡ್ ಹ್ಯಾಂಡ್ ಅಂದೀ, ಅದು 80 ಸಾವಿರ ಓಡಿತ್ತಂದ್ರ ಉಳದಿದ್ದು 1,20,000, ಮದುವಿಗೆ 5,000ದಂಗ 24 ಮದುವಿ. ಅಲ್ಲಿಗೇ ಕೆಟ್ಟ ನಿಂದರತೈತಿ ಅಂತಲ್ಲ, ಮುಂದೂ ಓಡಬಹುದು, ಆದ್ರ ಅಕ್ಕಿಕಾಳ ಬೀಳೂ ಹೊತ್ತಿನಾಗ ನಿಂತ್ರ ಯಾರ ಜವಾಬ್ದಾರಿ? ಹೊಸಾ ಶಟರಿನ ರೊಕ್ಕ ಇವತ್ತಿನ ಮದುವಿಯಿಂದನ ಎತ್ತಿ ಇಡಬೇಕು.

ಪಂಚಾಂಗಾನೂ ನೋಡು. ಧನುರ್ಮಾಸ, ಆಷಾಢ, ಪಿತೃಪಕ್ಷ, ಮದುವಿ ಇಲ್ಲ. 2026ರಾಗ ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ ಬರತೈತಿ, ಅಂದ್ರ ಬ್ಯಾಸಿಗಿ ಸೀಜನ್ನಿನ ನಡುವ ಒಂದ ತಿಂಗಳ ಖಾಲಿ. ಆ ಖಾಲಿ ತಿಂಗಳಾಗೂ ಮನ್ಯಾಗ ಒಲಿ ಹತ್ತಬೇಕಲ್ಲ.

ಸ್ಟುಡಿಯೋ_ಕಾಕಾ

ಲೆಕ್ಕಾ ಬರೋಬ್ಬರಿ ಐತಿ, ಆದ್ರ ಹೊಸಾ ಹುಡುಗಗ ಹಾವೇರ್ಯಾಗ 32 ಸಾವಿರ ಯಾರ ಕೊಡ್ತಾರ? ನಾ ಫಿಲ್ಮ್ ರೋಲಿನ ಕಾಲದಾಂವ. ಒಂದ ರೋಲಿಗೆ 36 ಫೋಟೋ, ಮದುವಿಗೆ ಎಷ್ಟ ರೋಲ್ ಅಂತ ಮೊದಲ ಮಾತಾಡತಿದ್ವಿ, ಎಂಟ ರೋಲ್ ಅಂದ್ರ ಎಂಟ ರೋಲ್, ಒಂಬತ್ತನೇದ್ದು ಬೇಕಂದ್ರ ಬೀಗರಾ ರೊಕ್ಕ ಕೊಟ್ಟ ತರಸೂರು. ಪ್ರತಿ ಕ್ಲಿಕ್ಕಿಗೂ ಬೆಲಿ ಐತಂತ ಎಲ್ಲಾರಿಗೂ ಕಾಣತಿತ್ತು. ಈಗ ಕಾರ್ಡಿನಾಗ ಬರೇ ಒತ್ತತಾರ, ಅದಕ್ಕ ಗಿರಾಕಿಗೂ ಪುಕ್ಕಟ ಅನಸತೈತಿ. ಮೊದಲನೇ ವರ್ಷ ಕಡಿಮಿ ತಗೊಂಡ ಹೆಸರ ಮಾಡ್ಲಿ, ಆಮ್ಯಾಲ ಏರಸ್ಲಿ ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿ_ಶಟರ್

ಕಾಕಾ, ನಿಮ್ಮ ಮಾತಿಗೆ ಎದುರ ಆಡ್ತೇನಂತ ತಿಳ್ಕೋಬ್ಯಾಡ್ರಿ. ನಾ ಅದನ್ನ ಮಾಡಿ ನೋಡೇನಿ. ಮೊದಲನೇ ವರ್ಷ ಒಂದ ಮನಿಗೆ ಅರ್ಧಾ ರೇಟಿಗೆ ಮಾಡಿಕೊಟ್ಟೆ, ಮೂರ ವರ್ಷ ಆದಮ್ಯಾಲ ಅವರ ತಮ್ಮನ ಮದುವಿಗೆ ಕರದ್ರು, 'ಅಣ್ಣಂದು ಅಷ್ಟಕ್ಕ ಮಾಡಿದ್ದಿ' ಅಂತ ಅದ ರೇಟ್ ಹಿಡದ ಕುಂತ್ರು. ಹೆಸರ ಆತು, ಖರೇ, ಕಡಿಮ್ಯಾಗ ಮಾಡ್ತಾನ ಅಂತ ಹೆಸರ ಆತು. ಕಡಿಮಿ ಮಾಡೂದ ಇದ್ರ ಬಿಲ್ಲಿನಾಗ ಪೂರಾ 32,000 ಬರದು, ಅದರ ಕೆಳಗ 'ಪರಿಚಯಕ್ಕ ಬಿಟ್ಟಿದ್ದು ಇಷ್ಟು' ಅಂತ ಬ್ಯಾರೆ ಸಾಲು ಬರೀಬೇಕು. ಆಗ ಮುಂದಿನಾವ್ರಿಗೆ 32,000 ಅನ್ನೂದ ರೇಟ್ ಆಗತೈತಿ.

ಸ್ಟುಡಿಯೋ_ಕಾಕಾ

ಹಾಂ, ಬಿಲ್ಲಿನಾಗ ಬರಿಯೂದು ಒಪ್ಪಿದೆ. ಆದ್ರ ತಮ್ಮಾ, 20 ಮದುವಿ ಮೊದಲನೇ ವರ್ಷ ಸಿಗೂದಿಲ್ಲ, ಅದನ್ನೂ ಹೇಳ್ರಿ ಅವಗ. ಸ್ವಂತದ್ದು ಎಂಟ ಸಿಕ್ರ ದೊಡ್ಡದು. ಉಳದ ದಿನಾ ಬ್ಯಾರೆಯವ್ರ ಕಡೆ ಎರಡನೇ ಕ್ಯಾಮೆರಾಕ್ಕ ಹೋಗಬೇಕು, ಮೆಮರಿ ಕಾರ್ಡ್ ಕೊಟ್ಟು ದಿನದ ರೊಕ್ಕ ತಗೊಂಡ ಬಂದ್ರ ಮುಗೀತು, ಎಡಿಟಿಂಗ್ ಇಲ್ಲ ಆಲ್ಬಮ್ ಇಲ್ಲ. ಹಂಗ ಹ್ವಾದಾಗ ಆ ಮನಿಯವ್ರಿಗೆ ತನ್ನ ವಿಸಿಟಿಂಗ್ ಕಾರ್ಡ್ ಕೊಡಬಾರದು, ಕರದಾಂವನ ಗಿರಾಕಿ ಕರದಾಂವಗ.

ಧಾರವಾಡದಾಕಿ

ನಾ ಮದುವಿ ಮಾಡೂದಿಲ್ಲ, ಕುಬಸ (ಸೀಮಂತ), ತೊಟ್ಟಲ ಕಾರ್ಯ, ಜವಳ, ಸಣ್ಣ ಮಕ್ಕಳ ಫೋಟೋ ಅಷ್ಟ ಮಾಡ್ತೇನಿ. ಒಂದ ಕುಬಸದ ಕಾರ್ಯಕ್ಕ 6,000 ತಗೋತೇನಿ. ಎಲ್ಲಾರೂ ಕೇಳೂದು ಒಂದ, 'ಎರಡ ತಾಸಿನ ಕೆಲಸಕ್ಕ ಇಷ್ಟ್ಯಾಕ್ರಿ ಅಕ್ಕಾರ'.

ಹ್ವಾದ ಸಲ ಸಾಧನಕೇರಿ ಹತ್ರ ಒಂದ ಮನ್ಯಾಗ ಹುಡುಗಿ ಅತ್ತಿ ಹಿಂಗ ಕೇಳಿದ್ರು. ನಾ ಏನೂ ವಾದಾ ಮಾಡ್ಲಿಲ್ಲ, ಲ್ಯಾಪ್‌ಟಾಪ್ ತಗದು ಬಾಜೂಕ ಕುಂದರಿಸಿಕೊಂಡೆ. ಹುಡುಗಿ ಎರಡೂ ಕೈತುಂಬ ಹಸರ ಬಳಿ ಹಾಕ್ಕೊಂಡಿದ್ಲು, ಕಿಡಕಿ ಬೆಳಕ ಬಳಿ ಮ್ಯಾಲ ಬಿದ್ದು ಅದರ ಹಸರ ಛಾಯಾ ಆಕಿ ಗದ್ದಕ್ಕ, ಕೊರಳಿಗೆ ಹತ್ತಿತ್ತು, ಅದರಾಗ ಹಸರ ಸೀರಿ ಬ್ಯಾರೆ. ಮುಖದ ಬಣ್ಣ ಅಷ್ಟ ಆರಿಸಿ ಹಸರ ತಗಿಯೂದು, ಬಳಿ ಹಸರ ಹಂಗ ಉಳೀಬೇಕು, ಅರಿಷಿಣ ಕುಂಕುಮ ಹಂಗ ಇರಬೇಕು. ಒಂದ ಫೋಟೋಕ್ಕ ಎಂಟ ನಿಮಿಷ ಆತು. ಅವರ ಗಡಿಯಾರ ನೋಡ್ಕೊಂಡ ಕುಂತಿದ್ರು. 'ಇಂಥಾವು ಎಷ್ಟ ಕೊಡ್ತೀಯವಾ' ಅಂದ್ರು, 90 ಅಂದೆ. 90 ಎಂಟಲೆ 720 ನಿಮಿಷ, 12 ತಾಸು. ರೊಕ್ಕ ಅಲ್ಲೇ ಕೊಟ್ರು, ಮತ್ತ ಅವರ ತಂಗಿ ಮನಿ ಕೆಲಸಾನೂ ಹೇಳಿದ್ರು.

ತಮ್ಮಾ, ಎಲ್ಲಾರಿಗೂ ಹಿಂಗ ತೋರಸಾಕ ಆಗೂದಿಲ್ಲ, ಆದ್ರ ಎಷ್ಟ ಫೋಟೋ ಎಡಿಟ್ ಮಾಡಿ ಕೊಡ್ತಿ ಅನ್ನೂದನ್ನ ಅಂಕಿ ಹಾಕಿ ಹೇಳು. 'ಎಲ್ಲಾ ಫೋಟೋ ಕೊಡ್ತೇನಿ' ಅಂತ ಬಾಯಿ ತಪ್ಪಿನೂ ಅನಬ್ಯಾಡ.

ಬ್ಯಾಡಗಿ_ತಂದಿ

ನಾ ಫೋಟೋಗ್ರಾಫರ್ ಅಲ್ರಿ, ಮಗಳ ಮದುವಿ ಮಾಡಿದಾಂವ. ಗಿರಾಕಿ ಕಡೆ ಮಾತೂ ಒಂದೀಟ ಕೇಳ್ರಿ. ಮದುವಿ ಮನ್ಯಾಗ ಹೂವಿನಾಂವ, ಶಾಮಿಯಾನದಾಂವ, ಅಡಗಿಯವ್ರು, ಬ್ಯಾಂಡಿನವ್ರು, ಎಲ್ಲಾರೂ ಮೊದಲ ಒಂದ ಹೇಳಿ ಆಮ್ಯಾಲ ಒಂದ ಹೇಳ್ತಾರ. ಅದಕ್ಕ ನಾವು ಯಾರ ಏನ ಹೇಳಿದ್ರೂ ಅರ್ಧಾಕ್ಕ ಕೇಳ್ತೇವಿ, ನಿಮ್ಮ ಮ್ಯಾಲ ಸಿಟ್ಟಲ್ಲ. ನನಗ ಬ್ಯಾಸರಾಗಿದ್ದು ರೇಟಿಗೆ ಅಲ್ರಿ. ಮಾತಾಡಿದ್ದು ಒಂದು, ಮದುವಿ ಮುಗದ ಮ್ಯಾಲ 'ಶೀಟ್ ಹೆಚ್ಚಾದ್ವು, ವಿಡಿಯೋ ಎಡಿಟಿಂಗ್ ಬ್ಯಾರೆ, ಪೆನ್‌ಡ್ರೈವ್ ಬ್ಯಾರೆ' ಅಂತ 11 ಸಾವಿರ ಮ್ಯಾಲ ಕೇಳಿದ್ರು, ಮಗಳ ಗಂಡನ ಮನಿಯವ್ರ ಎದುರಿಗೆ ಕೇಳಿದ್ರು. ರೊಕ್ಕಕ್ಕಿಂತ ಅದು ಭಾಳ ನೋವಾತು. ಆಲ್ಬಮ್ ಕೈಗೆ ಬರೂದ್ರಾಗ ಮಗಳು ಬಾಣಂತನಕ್ಕ ಬಂದಿದ್ಲು.

ಅದಕ್ಕ ಹೇಳ್ತೇನಿ, ರೇಟ್ ಹೆಚ್ಚರ ಹೇಳ್ರಿ, ಆದ್ರ ಒಂದ ಹಾಳಿ ಮ್ಯಾಲ ಬರದ ಕೊಡ್ರಿ, ಏನೇನ ಕೊಡ್ತೀರಿ, ಯಾವಾಗ ಕೊಡ್ತೀರಿ, ಹೆಚ್ಚಾದ್ರ ಎಷ್ಟು. ನಮಗ ಅಡಗಿಯವ್ರ ಹಂಗ ಬರದ ಕೊಡ್ತಾರ, ಎಷ್ಟ ಎಲಿ, ಎಷ್ಟ ಪದಾರ್ಥ, ಎಲಿ ಹೆಚ್ಚಾದ್ರ ಎಲಿಗೆ ಎಷ್ಟು.

ಹುಬ್ಬಳ್ಳಿ_ಶಟರ್

ಬ್ಯಾಡಗಿ ಅಣ್ಣಾರ ಹೇಳಿದ್ದು ಲಾಖದ ಮಾತು, ಎಲಿ ಲೆಕ್ಕ ಇದಕ್ಕ ಪಕ್ಕಾ ಹೊಂದತೈತಿ. ಬೆಟಗೇರಿ ತಮ್ಮಾ, ನೀನೂ ಹಂಗ ಬರಿ. 30 ಶೀಟು, ಹೆಚ್ಚಾದ್ರ ಶೀಟಿಗೆ ಇಷ್ಟು. 700 ಫೋಟೋ. ಡಿಸೈನಿನಾಗ ಎರಡ ಸಲ ಬದ್ಲಿ ಮಾಡಿಕೊಡೂದು, ಮೂರನೇ ಸಲಕ್ಕ ಬ್ಯಾರೆ. ಅವರು ಫೋಟೋ ಆರಿಸಿ ಕೊಟ್ಟ 30 ದಿನಕ್ಕ ಆಲ್ಬಮ್. ಈ 'ಆರಿಸಿ ಕೊಟ್ಟ ಮ್ಯಾಲ' ಅನ್ನೂ ಮಾತು ಮರಿಬ್ಯಾಡ, ಆರಸೂದು ಅವರ ಕಡೆ ನಾಕ ತಿಂಗಳ ಕುಂದರತೈತಿ, ಬೈಗಳ ನಿನಗ ಬರ್ತಾವ.

ಇನ್ನ ಪಾರ್ಟಿ ರೊಕ್ಕ ಕಡಿಮಿ ಮಾಡು ಅಂದ್ರ ರೇಟ್ ಇಳಸಬ್ಯಾಡ, ಸಾಮಾನ ಇಳಸು. ಆಲ್ಬಮ್ ಬ್ಯಾಡಂದ್ರ 7,500 ತಗದು 24,500. ಸುರಗಿಗೆ ಬರೂದ ಬ್ಯಾಡಂದ್ರ ಅದರ ದಿನದ 9,000 ಮತ್ತ ಆ ದಿನದ ಹುಡುಗನ ಪಗಾರ ತಗಿ. ಆದ್ರ ನೀ ಹೋಗೂ ದಿನದ 9,000 ಮಾತ್ರ ಮುಟ್ಟಬ್ಯಾಡ.

ಬಾಕಿ ರೊಕ್ಕದ್ದೂ ಹೇಳ್ತೇನಿ. ನನ್ನ ಎರಡನೇ ವರ್ಷ ಧಾರವಾಡದಾಗ ಒಂದ ಮದುವಿ, ಒಳ್ಳೇ ಮಂದಿ, ನಂಬಿಕಿ ಮ್ಯಾಲ ಆಲ್ಬಮ್ ಮೊದಲ ಕೊಟ್ಟೆ, 8,000 ಬಾಕಿ. ಮುಂದ ಫೋನ್ ಮಾಡಿದ್ರ 'ಅಂವಾ ಊರಾಗಿಲ್ಲ', 'ಬರೂ ತಿಂಗಳ ನೋಡೂಣು', ಉದ್ರಿ ಕೇಳಿ ಕೇಳಿ ನನಗ ನಾಚಿಕಿ ಆಗಿ ಬಿಟ್ಟೆ. ಅವತ್ತಿಂದ ಮೂರ ಭಾಗ ಮಾಡೇನಿ. ತಾರೀಖ ಹಿಡಿಯಾಕ ಇಸಾರ, ಮದುವಿ ದಿನ ಮುಂಜಾನೆ ಒಂದ ಕಂತು, ಆಲ್ಬಮ್ ಪ್ರಿಂಟಿಗೆ ಕಳಸೂಕಿಂತ ಮೊದಲ ಉಳದಿದ್ದು. ಪ್ರಿಂಟ್ ಆದಮ್ಯಾಲ ಅಲ್ಲ, ಪ್ರಿಂಟಿಗಿಂತ ಮೊದಲ.

ಉಣಕಲ್_ಮ್ಯಾಲಿಂದ

ಡ್ರೋನ್ ಪುಕ್ಕಟ ಅಂತ ಪ್ಯಾಕೇಜಿನಾಗ ಸೇರಿಸ್ತಾರ ಭಾಳ ಮಂದಿ, ಸೇರಿಸಬ್ಯಾಡ್ರಿ. 2021ರ ಡ್ರೋನ್ ನಿಯಮದ ಪ್ರಕಾರ ವಿಮಾನ ನಿಲ್ದಾಣದಿಂದ 8 ಕಿಲೋಮೀಟರ್ ಒಳಗ ಅನುಮತಿ ಇಲ್ದ ಹಾರಸೂ ಹಂಗಿಲ್ಲ. ನಮ್ಮ ಏರ್‌ಪೋರ್ಟ್ ಗೋಕುಲ ರೋಡಿನಾಗ, ಅಂದ್ರ ಹುಬ್ಬಳ್ಳಿ ಊರಾಗಿನ ಕಲ್ಯಾಣ ಮಂಟಪ ಹೆಚ್ಚುಕಡಿಮಿ ಎಲ್ಲಾ ಅದರೊಳಗ ಬರ್ತಾವ. 250 ಗ್ರಾಂಗಿಂತ ದೊಡ್ಡ ಡ್ರೋನ್ ಕಮರ್ಷಿಯಲ್ ಹಾರಸಾಕ ಪೈಲಟ್ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಇದ್ದಾವ್ರನ್ನ ಕರಸಿ ಅವರ ರೇಟ್ ಬ್ಯಾರೆ ಸಾಲಿನಾಗ ಬರೀರಿ. ಹಂಗ ಪ್ರೀ-ವೆಡ್ಡಿಂಗ್ ಲಕ್ಕುಂಡಿ ಗುಡಿಯಾಗ ಮಾಡ್ರಿ ಅಂತ ಕೇಳ್ತಾರ, ಕಾಶಿ ವಿಶ್ವೇಶ್ವರ ಗುಡಿ, ಬ್ರಹ್ಮ ಜಿನಾಲಯ ಪುರಾತತ್ವ ಇಲಾಖೆ ಕೈಯಾಗ ಅದಾವ, ಟ್ರೈಪಾಡ್ ಲೈಟ್ ಹಚ್ಚಿ ಶೂಟ್ ಮಾಡಾಕ ಅನುಮತಿ ಬೇಕು, ಮೊದಲ ವಿಚಾರಿಸಿ ಆಮ್ಯಾಲ ರೇಟ್ ಹೇಳ್ರಿ.

ಲೆಕ್ಕದ_ಪುಸ್ತಕ

ಎರಡು ವಿಷಯ ಸೇರಿಸ್ತೀನಿ. ಜಿಎಸ್‌ಟಿ ಬಗ್ಗೆ ಹೊಸಬ್ರು ಹೆದರ್ತಾರೆ. ಸೇವೆಗೆ ವರ್ಷದ ವಹಿವಾಟು 20 ಲಕ್ಷದವರೆಗೆ ನೋಂದಣಿ ಕಡ್ಡಾಯ ಇಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ವಸೂಲು ಮಾಡೋ ಹಾಗೂ ಇಲ್ಲ. ವಹಿವಾಟು ಅಂದ್ರೆ ಕೈಗೆ ಬಂದ ಒಟ್ಟು ಮೊತ್ತ, ಆಲ್ಬಮ್ ಖರ್ಚು ಕಳೆದು ಉಳಿದದ್ದಲ್ಲ.

ಇನ್ನೊಂದು, ಫೋಟೋ ಯಾರದ್ದು ಅನ್ನೋದು. ನಾ ತೆಗೆದದ್ದು ನಂದೇ ಅಂತ ಎಲ್ಲ ಫೋಟೋಗ್ರಾಫರ್ ಅಂದ್ಕೊಂಡಿರ್ತಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಮಾಲೀಕರು ತೆಗೆಸಿದವರೇ, ಬೇರೆ ಕರಾರು ಇಲ್ಲದಿದ್ರೆ. ಅಂದ್ರೆ ಇನ್‌ಸ್ಟಾಗ್ರಾಂನಲ್ಲಿ ಮದುಮಗಳ ಫೋಟೋ ಹಾಕ್ಬೇಕಂದ್ರೆ ಆ ಹಾಳೆಯಲ್ಲೇ ಒಂದು ಸಾಲು ಬರೆಸಿ ಸಹಿ ತಗೊಳ್ಳಿ. ಬೇಡ ಅಂದ್ರೆ ಹಾಕ್ಬೇಡಿ. ಹೊಸಬರಿಗೆ ಆ ಫೋಟೋಗಳೇ ಮುಂದಿನ ಗಿರಾಕಿ ತರೋದು, ಹಾಗಾಗಿ ಈ ಸಾಲು ಮರೆತ್ರೆ ನಷ್ಟ.

ಬೆಟಗೇರಿ_ಹುಡುಗ

ಎಲ್ಲಾರಿಗೂ ಕೈ ಮುಗೀತೇನ್ರಿ, ಇಷ್ಟ ಬಿಡಿಸಿ ಯಾರೂ ಹೇಳಿದ್ದಿಲ್ಲ. ಇನ್ನೊಂದ ಪ್ರಶ್ನೆ. ಬ್ಯಾಡಗಿಯಿಂದ ಒಬ್ರು ಮೆಣಸಿನಕಾಯಿ, ಖಾರಪುಡಿ ಪಾಕೀಟ ಆನ್‌ಲೈನ್ ಮಾರಾಕ ಫೋಟೋ ಕೇಳ್ಯಾರ, 15 ಫೋಟೋ. ಇದಕ್ಕೂ ದಿನದ ಲೆಕ್ಕಾನ ಹೇಳಲೇನ್ರಿ?

ಧಾರವಾಡದಾಕಿ

ಅದಕ್ಕ ಫೋಟೋ ಲೆಕ್ಕ ಹೇಳು, ಆದ್ರ ಒಂದ ದಿನ ಸುಮ್ನ ಮನ್ಯಾಗ ಪ್ರಯೋಗ ಮಾಡಿದ ಮ್ಯಾಲ ಹೇಳು. ನಾ ಒಂದ ಸಲ ಮಾಡೇನಿ. ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಸೊಗಸ ಇರೂದ ಅದರ ಸುಕ್ಕಿನಾಗ. ಮುಂದಿಂದ ಫ್ಲಾಶ್ ಹೊಡದ್ರ ಸುಕ್ಕ ಎಲ್ಲಾ ಅಳಿಸಿ ಪ್ಲಾಸ್ಟಿಕಿನಂಗ ಕಾಣತೈತಿ. ಬಾಜೂಲಿಂದ ಕೆಳಗ ಬೆಳಕ ಕೊಟ್ರ ಒಂದೊಂದ ಗೆರಿ ಎದ್ದ ಬರತೈತಿ. ಖಾರಪುಡಿದ್ದು ಇನ್ನೊಂದ ತ್ರಾಸ, ಕ್ಯಾಮೆರಾದಾಗ ಕೆಂಪು ಬಣ್ಣ ತುಂಬಿ ಚಲ್ಲಿಬಿಡತೈತಿ, ಪುಡಿ ಕಣಾ ಕಾಣೂದಿಲ್ಲ, ಬರೇ ಕೆಂಪ ಗುಡ್ಡಿ. ಎಕ್ಸ್‌ಪೋಷರ್ ಒಂದ ಸ್ಟಾಪ್ ಇಳಿಸಿ, ಅಂದ್ರ ಬೆಳಕ ಅರ್ಧಾ ಮಾಡಿ ತಗದು ಆಮ್ಯಾಲ ಏರಸ್ಬೇಕಾತು. ಪಾಕೀಟ ಹೊಳಿತಾವ, ಎರಡೂ ಕಡೆ ಬಿಳೀ ಹಾಳಿ ಹಿಡೀಬೇಕು. ಪಾಕೀಟಿನ ಒಂದ ಫೋಟೋಕ್ಕ ಅರ್ಧಾ ತಾಸು, ಪುಡಿದ್ದಕ್ಕ ಒಂದ ತಾಸಿನ ಮ್ಯಾಲ ಹೋತು. ಬರೇ ಪಾಕೀಟಿಂದು ಒಂದ ರೇಟ್, ಅಲಂಕಾರ ಮಾಡಿ ತಗಿಯೂದು ಇನ್ನೊಂದ ರೇಟ್ ಹೇಳು. ಮತ್ತ ಫೋಟೋ ಎಲ್ಲೆಲ್ಲಿ ಬಳಸ್ತಾರ ಕೇಳು. ಆನ್‌ಲೈನ್ ಅಂಗಡಿಗೆ ಅಂತ ತಗೊಂಡು ಹೈವೇ ಬೋರ್ಡಿಗೆ ಹಾಕ್ತಾರ, ಎರಡಕ್ಕೂ ಒಂದ ರೇಟ್ ಅಲ್ಲ, ಅದನ್ನೂ ಹಾಳ್ಯಾಗ ಬರಿ.

ಬ್ಯಾಡಗಿ_ತಂದಿ

ಡಬ್ಬಿ ಸುಕ್ಕಿನ ಮಾತ ಖರೇ ಅಕ್ಕಾರ. ನಮ್ಮ ಮಾರ್ಕೆಟಿನ್ಯಾಗೂ ಬಣ್ಣ, ಸುಕ್ಕು ನೋಡೇ ಮುಟ್ಟತಾರ.

ಬೆಟಗೇರಿ_ಹುಡುಗ

ಎಂಟ ದಿನದ ಮ್ಯಾಲ ಬರಿಯಾಕತ್ತೇನಿ, ತಡಾ ಆತು. ಹಾವೇರಿಯವ್ರಿಗೆ ನಾನ ಫೋನ್ ಮಾಡಿದೆ. 'ಅವತ್ತ ಗಡಬಡ್ಯಾಗ ತಪ್ಪ ಹೇಳೇನ್ರಿ ಕಾಕಾ, ಲೆಕ್ಕಾ ಹಾಕಿ ಹಾಳಿ ಮ್ಯಾಲ ಬರದೇನಿ, ವಾಟ್ಸಾಪಿಗೆ ಕಳಸ್ತೇನಿ, ಓದ್ರಿ, ಬ್ಯಾಡ ಅನಿಸಿದ್ರ ಏನೂ ಬ್ಯಾಸರಿಲ್ಲ' ಅಂದೆ. 32,000, ಕೆಳಗ ಒಂದೊಂದ ಸಾಲು ಬಿಡಿಸಿ ಬರದಿದ್ದೆ. ಎರಡ ದಿನ ಸುದ್ದಿ ಇಲ್ಲ. ಚಿಗವ್ವ ಫೋನ್ ಮಾಡಿ 'ನನ್ನ ಮಾತಿಗೆ ಬೆಲಿ ಇಟ್ಟಿಲ್ಲ ನೀ' ಅಂತ ಸಿಟ್ಟಾದ್ಲು, ಅಕಿಗೂ ಅದ ಹಾಳಿ ಕಳಿಸಿದೆ, ಓದಿ ಸುಮ್ಮನಾದ್ಲು, ಇನ್ನೂ ಪೂರಾ ಸಿಟ್ಟ ಇಳದಿಲ್ಲ ಅನಸತೈತಿ.

ಮೂರನೇ ದಿನ ಹುಡುಗಿ ತಂದಿ ಅವರ ಫೋನ್ ಮಾಡಿದ್ರು. ಮೊದಲನೇ ಮಾತ 'ನೀ ಬರದ ಕೊಟ್ಟಿದ್ದು ಚಲೋ ಆತು' ಅಂದ್ರು. ಶೀಟ್ 30 ಬ್ಯಾಡ 20 ಸಾಕು ಅಂದ್ರು, 1,800 ಕಡಿಮಿ ಆತು. ಗಾಡಿ ಅವರ ಕಳಸ್ತಾರ, ಊಟಾ ಅಲ್ಲೇ, 1,400 ಕಡಿಮಿ. 28,800ಕ್ಕ ನಿಂತ್ವಿ. ನನ್ನ ದಿನದ 9,000 ಹಂಗ ಉಳೀತು. ಇಸಾರ 10,000 ಫೋನ್‌ಪೇ ಮಾಡ್ಯಾರ, ಅದರಾಗಿಂದ ಎರಡನೇ ಕ್ಯಾಮೆರಾ ಮತ್ತ ಲೈಟಿನ ಹುಡುಗನ್ನ ಹೇಳಿ ಇಟ್ಟೇನಿ. ಫೋಟೋ ಇನ್‌ಸ್ಟಾಗ್ರಾಂಗೆ ಹಾಕೂ ಸಾಲಿಗೆ 'ಮಗಳನ್ನ ಕೇಳ್ತೇನಿ' ಅಂದ್ರು, ಅಕಿ 'ಸುರಗಿದ್ದು ಬ್ಯಾಡ, ಮದುವಿದ್ದು ಹಾಕ್ರಿ' ಅಂತ ಹೇಳಿ ಕಳಿಸ್ಯಾಳ, ಅದನ್ನೂ ಹಾಳ್ಯಾಗ ಬರದೇನಿ.

ಖಾರಪುಡಿಯವ್ರು ರೇಟ್ ಕೇಳಿ ಇನ್ನೂ ಏನೂ ಹೇಳಿಲ್ಲ. ಅರ್ಧಾ ಕಿಲೋ ಡಬ್ಬಿ ತಂದ ಮನ್ಯಾಗ ಬಾಜೂ ಲೈಟ್ ಹಚ್ಚಿ ತಗದ ನೋಡಾಕತ್ತೇನಿ, ಅಕ್ಕಾರ ಹೇಳಿದಂಗ ಗೆರಿ ಎದ್ದ ಬರ್ತಾವ.

ಹುಬ್ಬಳ್ಳಿ_ಶಟರ್

ಭಾಳ ಚಲೋ ಆತು ತಮ್ಮಾ. ನಿನ್ನ ಕ್ಯಾಮೆರಾಕ್ಕ ಎರಡ ಕಾರ್ಡ್ ಸ್ಲಾಟ್ ಅದಾವ, ಎರಡರಾಗೂ ಕಾರ್ಡ್ ಹಾಕಿ ಎರಡಕ್ಕೂ ಬರಿಯೂ ಹಂಗ ಸೆಟ್ ಮಾಡು. ಅಕ್ಕಿಕಾಳ ಬೀಳೂದು ಒಂದ ಸಲ. ಮದುವಿ ಮುಗದ ಮ್ಯಾಲ ಖರ್ಚ ಖರೇನ ಎಷ್ಟ ಬಂತು, ಎಷ್ಟ ದಿನ ಹಿಡೀತು ಅಂತ ಇಲ್ಲೇ ಬರಿ, 9,000 ಸರಿ ಐತೋ ಇಲ್ಲೋ ಮತ್ತ ನೋಡೂಣು.